ಸುಮ್ಮನ ನಿಂತವಗ ಸೊನ್ನೆ

ಹೈದರಾಬಾದ್ ಸರ್ಕಾರದ ಕಾಲದಾಗ ನಾ ಸೇಡಂ ಸಾಲಿಯೊಳಗ ಬ್ಯಾಂಡ್ ಕಲಸ್ತಿದ್ದೆ. ಪರೀಕ್ಷಾ ತಗೊಳಾಕ ಬಂದ ಇನ್‌ಸ್ಪೆಕ್ಟರ್ ಸಾಹೇಬರು, ಕಂಚಿನ ತಾಳ ಹಿಡಿದು ನಿಂತಿದ್ದ ಮಹಿಬೂಬನಿಗೆ ಸೊನ್ನೆ ಕೊಟ್ರು.

"ಯಾಕ್ರಿ ಸಾಹೇಬ್ರ?" ಅಂದೆ.

"ಎಲ್ಲಾರೂ ಬಾರಸಾಕತ್ತಾರ, ಇಂವ ಸುಮ್ಮನ ನಿಂತಾನ. ಕಾಮಚೋರ!"

"ತಾಳ ತನ್ನ ಪಾಳಿ ಬಂದಾಗಷ್ಟ ಹೊಡೀಬೇಕ್ರಿ. ಅಲ್ಲೀತನ ಕಾಯೋದೇ ಅವನ ಕೆಲಸ."

"ನಿಂತದ್ದಕ್ಕ ಮಾರ್ಕ್ ಕೊಡಂಗಿಲ್ಲ."

ನನಗ ಮೈಯೆಲ್ಲ ಉರೀತು. ಎಲ್ಲಾರಕಿಂತ ಕಷ್ಟದ ಕೆಲಸ ಮಾಡಿದ ಹುಡುಗ ಫೇಲಂತ! ಮರುವರ್ಷ ಅವರು ಬಂದಾಗ, "ಒಬ್ಬರೂ ನಿಲ್ಲಸಬ್ಯಾಡ್ರಿ, ಒಂದೇ ಸವನ ಬಾರಸ್ರಿ" ಅಂತ ಹುಡುಗರಿಗೆ ಹೇಳಿಬಿಟ್ಟೆ. ಸಾಹೇಬರು ತಲಿ ತೂಗಿ ಎಲ್ಲಾರನ್ನೂ ಪಾಸ್ ಮಾಡಿದ್ರು. ಸಂಗೀತ ತಿಳೀತಿದ್ದದ್ದು ಅವರ ಟಾಂಗಾದ ಕುದುರಿಗೆ ಮಾತ್ರ. ಅದು ಆ ಗದ್ದಲ ತಾಳದ ಹಗ್ಗ ಹರಕೊಂಡು ಚಿತ್ತಾಪುರದ ದಾರಿ ಹಿಡೀತು.