ಮಹಡಿ ಮೇಲಿನ ಕೊಲೆಗಾರ ಪೊಲೀಸ

“ಅವ್ವಾ, ಅಡಿವೆಯ್ಯ ಮಾಮಾ ಕೊಂದವರನ್ನೆಲ್ಲ ಎಲ್ಲಿ ಇಡ್ತಾನ?” ಅಂತ ಇವತ್ತು ಊಟಕ್ಕೆ ಕೂತ ನನ್ನ ಪುಟ್ಟ ಮಗಳು ಅನ್ನೂ ಕೇಳಿದಳು. ನಮ್ಮ ದಾಂಡೇಲಿ ಮನೆಯ ಮಹಡಿ ಮೇಲೆ ಬಾಡಿಗೆಗಿರುವ ಅಡಿವೆಯ್ಯ ಕೊಲ್ಲುವುದು ಸಿನಿಮಾದಲ್ಲಿ ಮಾತ್ರ. ಧಾರವಾಡದ ಹುಡುಗರು ಕಡಿಮೆ ದುಡ್ಡಿನಲ್ಲಿ ತೆಗೆದ ಚಿತ್ರದ ಕೊಲೆಗಾರ ಪೊಲೀಸ ಅವನೇ. ಮೊದಲ ಭಾಗದಲ್ಲಿ ಕಾಳಿ ನದಿಗೆ ಬಿದ್ದು ಸತ್ತವನು ಈಗ ಎರಡನೇ ಭಾಗಕ್ಕೆ ಎದ್ದು ಬಂದಿದ್ದಾನೆ. ಇದೆಲ್ಲ ಗೊತ್ತಿದ್ದೂ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿದರೆ ನಾನು ಚಿಲಕ ಹಾಕುತ್ತೇನೆ. ಸಿನಿಮಾದ ಖಾಕಿಯಲ್ಲೇ ಅವನು ಪೇಟೆಗೆ ಹೊರಟರೆ ರಸ್ತೆ ಬದಿ ತರಕಾರಿ ಮಾರುವವರು ಬುಟ್ಟಿ ಎತ್ತತೊಡಗುತ್ತಾರೆ. “ಕುಂದರ್ರಿ, ಇವತ್ತ ಕೊಲಿಗೆ ರಜಾ ಐತಿ” ಅಂತಾನೆ, ಯಾರೂ ನಗುವುದಿಲ್ಲ. ಮೇಲೆ ಕನ್ನಡಿ ಮುಂದೆ ಕತ್ತಿ ಹಿಡಿದು ಅಭ್ಯಾಸಕ್ಕೆಂದು ಅವನು “ಕಂಪ್ಲೇಂಟ್ ಕೊಡಾಕ ಬಂದೀ ಏನ?” ಅಂತ ಗುಡುಗಿದರೆ ಕೆಳಗೆ ನಮ್ಮ ಬೆಕ್ಕು ಮಂಚದಡಿ ಸೇರುತ್ತದೆ. ಒಣಹಾಕಿದ ಅವನ ಅಂಗಿಯ ರಕ್ತಕ್ಕೆ ಇರುವೆ ಮುತ್ತಿದ್ದು ಕಂಡು ಮುಟ್ಟಿ ನೋಡಿದೆ. ಕುಂಕುಮ ಕಲಸಿದ ಬೆಲ್ಲದ ಪಾಕ. ಆದರೂ ಅನ್ನೂಗೆ ಅವನು ಕೊಟ್ಟ ಪೇರಲ ಹಣ್ಣನ್ನು ತೊಳೆದು, ಹೆಚ್ಚಿ, ಮೊದಲು ನಾನೇ ತಿಂದು ನೋಡಿದೆ. ಸಂಜೆ ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಬಂದು ಹೊಸ್ತಿಲ ಹೊರಗೇ ನಿಂತ. “ಅಕ್ಕಾರ, ಹಳಿಯಾಳದಾಗ ಅಜ್ಜಿ ಹತ್ರ ಇರೋ ನನ್ನ ಮಗಳು ರವಿವಾರ ಬರ್ತಾಳ್ರಿ. ಮೊದಲನೇ ಭಾಗ ಮೊಬೈಲ್‌ನಾಗ ನೋಡಿದಾಗಿಂದ ನನ್ನ ಕಡೆ ಬರಾಕ ಒಲ್ಲಳು. ಆಕಿ ಮುಂದ ನಿಮ್ಮ ಅನ್ನೂನ್ನ ಒಂದ್ ಸಲ ಎತ್ಕೊಳ್ಳಲೇನ್ರಿ?”