ಅಡ್ಡಿಲ್ಲೆಗೆ ಬಿದ್ದ ಕೆಂಪು ಗೆರೆ

ಮಧ್ಯಾಹ್ನ ನನ್ನ ಹೆಂಡತಿ ಒಂದೆಲಗದ ತಂಬುಳಿ ಮಾಡಿದ್ದಳು. ಎರಡನೆಯ ಸಲ ಬಡಿಸಿಕೊಂಡು, ಬೆರಳು ನೆಕ್ಕಿ, 'ಅಡ್ಡಿಲ್ಲೆ' ಎಂದೆ. ಅವಳ ಮುಖ ಅರಳಿತು. ಬೇರೆ ಊರಾಗಿದ್ದರೆ ಸೌಟು ಹಾರಿಬರುತ್ತಿತ್ತೋ ಏನೋ! 'ಅಡ್ಡಿಯಿಲ್ಲ' ಎಂದರೆ ಉಳಿದ ಕನ್ನಡಿಗರಿಗೆ 'ಹೇಗೋ ನುಂಗಬಹುದು' ಎಂಬ ತಾತ್ಪರ್ಯ. ನಮ್ಮ ಶಿರಸಿ ಸೀಮೆಯಲ್ಲಾದರೋ ಪ್ರಶಂಸೆಯ ಏಣಿಗೆ ಅದೇ ಕೊನೆಯ ಮೆಟ್ಟಿಲು, ಅದರಾಚೆಗೆ ಬರೀ ಆಕಾಶ.

ಈ ನಿರುಪದ್ರವಿ ಶಬ್ದ ಒಮ್ಮೆ ನನ್ನ ಸ್ನೇಹವೊಂದನ್ನೇ ನುಂಗಲು ಹೊರಟಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಅಂತರ್ಜಾಲವೆಂಬುದು ದೂರವಾಣಿ ತಂತಿಯಲ್ಲಿ ಕೀಂಯ್ ಕೀಂಯ್ ಎಂದು ನರಳುತ್ತ ಮನೆಗೆ ಬರುತ್ತಿದ್ದ ಕಾಲ ಅದು. ಆಗ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು, ಯಾರೋ ಕರೆದರೆಂದು 'ಕಟ್ಟೆ' ಎಂಬ ಇ-ಮೇಲ್ ಬಳಗವೊಂದನ್ನು ಸೇರಿಕೊಂಡಿದ್ದೆ. ಹೊಸತೇನನ್ನಾದರೂ ತಯಾರಿಸಿದವರು ಅದನ್ನು ಕಟ್ಟೆಯ ಮೇಲಿಡುವುದು, ಉಳಿದವರು ಅದರ ಗುಣದೋಷ ವಿಮರ್ಶೆ ಮಾಡುವುದು ಅಲ್ಲಿಯ ಪದ್ಧತಿ. ನನ್ನ ಗೆಳೆಯರಾದ ಯಲ್ಲಾಪುರದ ವಿಜ್ಞಾನ ಶಿಕ್ಷಕ ಗಣಪತಿ ಮಾಸ್ತರರು ಕರೆಂಟು ಬಂದೊಡನೆ ಗಂಟೆ ಬಾರಿಸುವ ಪೆಟ್ಟಿಗೆಯನ್ನು ಅಲ್ಲಿಯೇ ಲೋಕಾರ್ಪಣೆ ಮಾಡಿದ್ದು. ಮಳೆಗಾಲದಲ್ಲಿ ಅದು ಒಂದೇ ಸಮನೆ ಬಾರಿಸತೊಡಗಿ, ನೆರೆಮನೆಯವರು ಮಂಗಳಾರತಿಯೆಂದು ತಿಳಿದು ಪ್ರಸಾದಕ್ಕೆ ಬಂದರಂತೆ.

ನಾನು ತಯಾರಿಸಿದ್ದು ಕಾಗುಣಿತ ತಿದ್ದುವ ತಂತ್ರಾಂಶ. ತಪ್ಪು ಶಬ್ದದ ಕೆಳಗೆ ಕೆಂಪು ಗೆರೆ ಎಳೆದು, ಸರಿಯಾದುದನ್ನು ತಾನೇ ಸೂಚಿಸುವ ಈ ಯಾಂತ್ರಿಕ ಪಂಡಿತನಿಗಾಗಿ ರಜೆಗಳನ್ನೂ ಕಣ್ಣುಗಳನ್ನೂ ಸವೆಸಿದ್ದೆ. ಕಟ್ಟೆಯ ಮೇಲಿಟ್ಟದ್ದೇ ತಡ, ಅದ್ಭುತ, ಅಮೋಘ, ಯುಗಪ್ರವರ್ತಕ ಎಂಬ ವಿಶೇಷಣಗಳ ಪುಷ್ಪವೃಷ್ಟಿಯಾಯಿತು. ಅದನ್ನು ತೆರೆದು ನೋಡಿದ ಲಕ್ಷಣ ಮಾತ್ರ ಯಾರಲ್ಲೂ ಕಾಣಲಿಲ್ಲ. ತೆರೆದು, ತಮ್ಮ ಶಾಲೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಅದರ ಬಾಯಿಗೆ ಕೊಟ್ಟು ಪರೀಕ್ಷಿಸಿದವರು ಗಣಪತಿ ಮಾಸ್ತರರೊಬ್ಬರೇ. ಅವರು ಬರೆದದ್ದು ಒಂದೇ ಶಬ್ದ: 'ಅಡ್ಡಿಲ್ಲೆ.'

ನಾನು ಹಿರಿಹಿರಿ ಹಿಗ್ಗಿದೆ. ಕಟ್ಟೆ ಮಾತ್ರ ಕೆರಳಿತು. ಅದರ ಯಜಮಾನರಾದ ಹಾವೇರಿಯ ಹಿರಿಯರು, "ಏನ್ರೀ ಮಾಸ್ತರ, ಒಬ್ಬ ಮನಶ್ಯಾ ಇಷ್ಟು ಕಷ್ಟಪಟ್ಟು ಮಾಡ್ಯಾನ, ಅಡ್ಡಿಲ್ಲ ಅಂದ್ರ ಹ್ಯಾಂಗ್ರೀ?" ಎಂದು ಗದರಿದರು. ಉಳಿದವರು ಅಸೂಯೆ, ಕುಹಕ ಎಂದೆಲ್ಲ ಸೇರಿಸಿದರು. ಮಾಸ್ತರರಿಗೆ ನೋವಾಯಿತು. "ಚೊಲೋ ಇದ್ದು ಹೇಳೇ ಹೇಳಿದ್ದು. ಇನ್ನು ಆನು ಈ ಕಟ್ಟೆಗೆ ಬತ್ನಿಲ್ಲೆ" ಎಂದು ಬರೆದು, ಹೊಗಳಿದ್ದಕ್ಕೇ ಬೈಸಿಕೊಂಡವರು ಕಟ್ಟೆಗೆ ಬರುವುದನ್ನೇ ಬಿಟ್ಟರು.

ನನಗೆ ತುಂಬ ಸಂಕಟವಾಯಿತು. ಹೊಗಳುವವರು ಸಂತೆಗೆ ನೂರು ಜನ ಸಿಕ್ಕಾರು, ಓದಿ ನೋಡುವವರು ಎಲ್ಲಿ ಸಿಗುತ್ತಾರೆ? ಕೂಡಲೇ ಕುಳಿತು, ನಮ್ಮ ಸೀಮೆಯ ಮೆಚ್ಚುಗೆಯ ವ್ಯಾಕರಣವನ್ನು ವಿವರಿಸಿ ದೀರ್ಘ ಪತ್ರ ಬರೆದೆ. ಕೊನೆಗೆ ಬ್ರಹ್ಮಾಸ್ತ್ರವನ್ನೂ ಬಿಟ್ಟೆ. ನಾನು ಹೆಣ್ಣು ನೋಡಲು ಹೋಗಿದ್ದಾಗ, ಹುಡುಗ ಹೇಗೆ ಎಂದು ಕೇಳಿದ ಅಪ್ಪನಿಗೆ ನನ್ನ ಹೆಂಡತಿ ಕೊಟ್ಟ ಉತ್ತರವೂ ಅದೊಂದೇ ಶಬ್ದ, ನನ್ನ ಸಂಸಾರ ನಿಂತಿರುವುದೇ ಅದರ ಮೇಲೆ ಎಂದು ಬರೆದೆ. ಆಮೇಲೆ ಅಭ್ಯಾಸಬಲದಿಂದ ಪತ್ರವನ್ನು ನನ್ನದೇ ತಂತ್ರಾಂಶಕ್ಕೆ ಹಾಕಿ, 'ಎಲ್ಲ ತಿದ್ದು' ಎಂಬ ಗುಂಡಿ ಒತ್ತಿ, ಕಣ್ಣಾಡಿಸದೆ ಕಳಿಸಿಬಿಟ್ಟೆ.

ಪಂಡಿತನಿಗೆ 'ಅಡ್ಡಿಲ್ಲೆ' ಗೊತ್ತಿರಲಿಲ್ಲ. ಅದಕ್ಕೆ ಹತ್ತಿರದ ಶುದ್ಧ ರೂಪವೆಂದು ಅವನು ಕಂಡುಕೊಂಡದ್ದು 'ಅಡ್ಡಬಿದ್ದೆ'! ನಮ್ಮಲ್ಲಿ ಊಟ ರುಚಿಯಾದರೆ ಅಡ್ಡಬಿದ್ದೆ ಎನ್ನುತ್ತಾರೆಂದೂ, ಹುಡುಗ ಹೇಗೆ ಎಂದದ್ದಕ್ಕೆ ನನ್ನ ಹೆಂಡತಿ 'ಅಡ್ಡಬಿದ್ದೆ' ಎಂದಳೆಂದೂ ನನ್ನ ಪತ್ರ ಜಗತ್ತಿಗೆ ಸಾರಿತು.

ಹಾವೇರಿಯಿಂದ ತಕ್ಷಣ ಉತ್ತರ ಬಂತು: "ನೋಡಿದ ಕೂಡ್ಲೇ ಅಡ್ಡಬಿದ್ರೇನ್ರೀ? ಭಾರೀ ಪುಣ್ಯಾ ಮಾಡೀರಿ ಬಿಡ್ರಿ!" ಕಟ್ಟೆಗೆ ಕಟ್ಟೆಯೇ ಬಿದ್ದು ಬಿದ್ದು ನಕ್ಕಿತು. ಆ ನಗೆಯ ನಡುವೆಯೇ ನಾನು ತಿದ್ದುಪಡಿ ಕಳಿಸಿದೆ, ಹಿರಿಯರು ಮಾಸ್ತರರ ಕ್ಷಮೆ ಕೇಳಿದರು. ಮರುದಿನ ಯಲ್ಲಾಪುರ ಬಾಯಿ ಬಿಟ್ಟಿತು: "ಮಾರಾಯಾ, ನಿನ್ನ ಪಂಡಿತಂಗೆ ಮನೆ ಮಾತೇ ಬತ್ತಿಲ್ಲೆ! ಮೊದ್ಲು ಅದ್ನ ಕಲ್ಸು, ಆನು ಬತ್ತೆ."

ಹೆಂಡತಿಯನ್ನೂ ಗೆಳೆಯನ ಮೆಚ್ಚುಗೆಯನ್ನೂ ಕೊಟ್ಟ ಶಬ್ದವನ್ನೇ ತಪ್ಪೆಂದು ಗೆರೆ ಎಳೆಯುವ ಯಂತ್ರವನ್ನು ಕಟ್ಟಿದ್ದೆನಲ್ಲ ಎಂದು ನನಗೇ ನಗು ಬಂತು. ನಿಘಂಟುಗಳನ್ನೆಲ್ಲ ಜಾಲಾಡಿದವನು ಅಡುಗೆಮನೆಗೆ ಹೋಗುವುದನ್ನು ಮರೆತಿದ್ದೆ. ಅಂದೇ ಅದನ್ನು ಸೇರಿಸಿದೆ, ಮಾಸ್ತರರು ಬಂದರು.

ಈ ಪ್ರಬಂಧವನ್ನೂ ಅದರಲ್ಲೇ ಬರೆದಿದ್ದೇನೆ, 'ಅಡ್ಡಿಲ್ಲೆ'ಯ ಕೆಳಗೆ ಎಲ್ಲೂ ಕೆಂಪು ಗೆರೆಯಿಲ್ಲ. ತಂಬುಳಿಯ ಪಾತ್ರೆ ತೊಳೆದಿಟ್ಟು ಬಂದ ಹೆಂಡತಿಗೆ ಓದಲು ಕೊಟ್ಟೆ. ಓದಿ, "ರಾಶಿ ಚೊಲೋ ಆಜು!" ಎಂದಳು. ತುಂಬ ಚೆನ್ನಾಗಿದೆಯಂತೆ, 'ಅಡ್ಡಿಲ್ಲೆ' ಅಲ್ಲ! ಎಲ್ಲೋ ಏನೋ ಕೆಟ್ಟಿರಲೇಬೇಕು! ಗಣಪತಿ ಮಾಸ್ತರರಿಗೆ ಕಳಿಸಿ ಕಾಯುತ್ತ ಕುಳಿತಿದ್ದೇನೆ. ಒಂದೇ ಶಬ್ದ ಬರೆದರೆ ಸಾಕು.