ಆರ್ಚಿ ಬಾವಿಯ ಬಂಡೆ

ವೆರಾ ಪಿಂಕಾಟ್ ನಮ್ಮ ಪಕ್ಕದ ಕುರಿ ಫಾರ್ಮಿನವಳು. ಅವಳ ಗಂಡ ಆರ್ಚಿ ಎರಡು ವರ್ಷ ಒಬ್ಬನೇ ಬಾವಿ ತೋಡಿದ. ಮೂವತ್ತಡಿಗೆ ಬಂಡೆ ಸಿಕ್ಕಿತು, ನೀರು ಸಿಗಲಿಲ್ಲ. ಊರವರು ಆ ಜಾಗವನ್ನೇ 'ಆರ್ಚಿ ಬಾವಿ' ಎಂದು ಕರೆದು ನಕ್ಕರು. ಸುಳ್ಳೇಕೆ, ನಾನೂ ನಕ್ಕೆ. ಆಗಲೇ ಬಂಡೆಗಳ ನಕ್ಷೆ ಮಾಡುವ ಸರ್ವೆಯವನೊಬ್ಬ ಬಂದ. ಬಂಡೆಗೆ ಅದಿರುವ ಜಾಗದ ಹೆಸರಿಡುವುದು ಅವರ ಪದ್ಧತಿ. ನಕ್ಷೆಯಲ್ಲಿ 'ಆರ್ಚಿ ಬಾವಿ ಗ್ರಾನೈಟ್' ಎಂದು ಅಚ್ಚಾಯಿತು.

ಆರ್ಚಿ ತೀರಿಕೊಂಡು ಇಪ್ಪತ್ತಾರು ವರ್ಷ. ಮಕ್ಕಳಿಲ್ಲ. ಕುರಿ ಬೀಳುತ್ತವೆಂದು ಬಾವಿಯನ್ನೂ ಮುಚ್ಚಿಸಿದ್ದಾಯಿತು. ಅವನ ಹೆಸರು ಉಳಿದದ್ದು ವೆರಾಳ ಅಡುಗೆಮನೆ ಗೋಡೆಯ ಆ ನಕ್ಷೆಯಲ್ಲಿ, ಬಂಡೆಯನ್ನು ತೋರಿಸುವ ಗುಲಾಬಿ ಬಣ್ಣದ ಮಚ್ಚೆಯೊಂದರ ಮೇಲೆ. ಆಮೇಲೆ ಎರಡು ಸಲ ವೆರಾಳನ್ನು ಮದುವೆಗೆ ಕೇಳಿ ಬೇಡವೆನಿಸಿಕೊಂಡಾಗಲೂ ನಾನು ಅದರ ಕೆಳಗೇ ಕೂತಿದ್ದೆ.

ಹೋದ ತಿಂಗಳು ಸರ್ವೆಯ ಹುಡುಗಿ ಬ್ರೋನ್ವಿನ್ ಹೊಸ ನಕ್ಷೆ ತಂದಳು. ಮಚ್ಚೆ ಇತ್ತು, ಆರ್ಚಿಯ ಹೆಸರಿರಲಿಲ್ಲ.

"ಬಂಡೆ ಎಲ್ಲಿಗೆ ಹೋಯ್ತಮ್ಮಾ?" ಎಂದಳು ವೆರಾ.

"ಎಲ್ಲೂ ಹೋಗಿಲ್ಲ. ಕಲ್ಲಿನ ಚೂರನ್ನ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದ್ವಿ, ಅದು ಗ್ರಾನೈಟೇ ಅಲ್ಲ, ಗ್ರಾನೊಡಯೊರೈಟ್ ಅನ್ನೋ ಬೇರೆ ಜಾತಿ ಕಲ್ಲು. ಆಚೆ ಗುಡ್ಡದ್ದೂ ಇದೂ ಒಂದೇ ಬಂಡೆ. ಗುಡ್ಡದ ಹೆಸರು ಮೊದಲೇ ಅಚ್ಚಾಗಿತ್ತು, ಅದು ಉಳೀತು."

"ಅಂದ್ರೆ ಬಂಡೆ ಬದಲಾಯ್ತಾ?"

"ಇಲ್ಲ."

"ಮತ್ತೆ ಬದಲಾಗಿದ್ದೇನು?"

"ನಮ್ಮ ತಿಳುವಳಿಕೆ."

ವೆರಾ ನನ್ನ ಕಡೆ ತಿರುಗಿದಳು. "ನಿಂಗೇನಾದ್ರೂ ತಲೆಗೆ ಹೋಯ್ತೇನೋ, ಕ್ಲೆಮ್?"

ನನಗೂ ತಲೆಬುಡ ತಿಳಿದಿರಲಿಲ್ಲ. "ನಿನ್ನ ಗಂಡ ನೀರು ಬಿಡು, ಗ್ರಾನೈಟನ್ನೂ ಹುಡುಕಲಿಲ್ಲ ಅಂತ," ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ನಾಲಿಗೆ ಕಚ್ಚಿಕೊಂಡೆ. ಅರವತ್ತೆಂಟಾದರೂ ನನಗೆ ಬುದ್ಧಿ ಬಂದಿಲ್ಲ.

ವೆರಾ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಆ ಹೆಸರನ್ನ ಬೇರೆ ಯಾವ್ದೋ ಕಲ್ಲಿಗೆ ಕೊಡ್ತೀರಾ?"

"ಅಯ್ಯೋ, ಕೊಡೋ ಹಾಗಿಲ್ಲ. ಒಂದು ಬಂಡೆಗೆ ಇಟ್ಟಿದ್ದನ್ನ ಇನ್ನೊಂದಕ್ಕೆ ಇಡಬಾರ್ದು. ಗೊಂದಲ ಆಗತ್ತೆ. ನಮ್ಮ ದಫ್ತರದಲ್ಲಿ ಹಾಗೇ ಇರತ್ತೆ, 'ಬಳಕೆಯಲ್ಲಿಲ್ಲ' ಅಂತ ಬರೆದು."

"ಎಷ್ಟು ವರ್ಷ?"

"ಯಾವತ್ತಿಗೂ."

ವೆರಾ ಕಣ್ಣೊರೆಸಿಕೊಂಡು ಟೀಗೆ ನೀರಿಟ್ಟಳು. ಹೊಸ ನಕ್ಷೆಯನ್ನು ಮಡಿಸಿ ಹುಡುಗಿಯ ಕೈಗೇ ಕೊಟ್ಟಳು. ಹಳೆಯದು ಗೋಡೆಯ ಮೇಲೇ ಇತ್ತು.

"ಕೇಳಿಸ್ತೇನೋ, ಕ್ಲೆಮ್?"

ಕೇಳಿಸಿತು. ಕಲ್ಲಿನ ವಿಷಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮದುವೆಯಾಗೆಂದು ಮೂರನೆಯ ಸಲ ಮಾತ್ರ ಅವಳನ್ನು ಕೇಳಲಿಲ್ಲ.